ನನ್ನ ಅಂಕಗಳಲ್ಲಿ ನಿಜವಾದದ್ದು ಆ ಮೂವತ್ತೊಂದೇ

ಪರೀಕ್ಷಾ ಫಲಿತಾಂಶ ವಿಶ್ಲೇಷಣಾ ವಿಭಾಗದ ನಿರ್ದೇಶಕರಿಗೆ, ನಾಲ್ಕು ಜನ ಓದಲಿ ಎಂದೇ ಬರೆದ ಪತ್ರ

ಮಾನ್ಯರೇ,

ನಮ್ಮಿಬ್ಬರಿಗೂ ಪರಿಚಯವಿಲ್ಲ ಎಂದು ನೀವು ಭಾವಿಸಿರಬಹುದು. ಇದೆ. ನಿಮ್ಮ ಸಹಿ, ಮೊಹರಿನೊಂದಿಗೆ ನಮ್ಮ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸಿರುವ ‘ವಿಷಯವಾರು ತುಲನಾತ್ಮಕ ಸಾಧನಾ ಪಟ್ಟಿ’ಯ ನಾಲ್ಕನೇ ಪುಟದಲ್ಲಿ ಕ್ರಮಸಂಖ್ಯೆ ಹದಿನಾಲ್ಕು ಎಂಬ ಒಂದು ಸಾಲಿದೆಯಲ್ಲ, ಅದು ನಾನು. ಸಾಲಿನ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ‘ಮೈನಸ್ ಐವತ್ತಮೂರು’ ಎಂದಿದೆ. ಪಕ್ಕದ ಷರಾದಲ್ಲಿ ‘ಗಣಿತ ಬೋಧನೆಯ ವೈಫಲ್ಯದಿಂದ ಶಾಲೆ ತೊರೆದ ವಿದ್ಯಾರ್ಥಿನಿ’ ಎಂದಿದೆ. ಆ ಷರಾ ಸುಳ್ಳು. ಆ ಸುಳ್ಳನ್ನೇ ಆಧಾರ ಮಾಡಿಕೊಂಡು ನೀವು ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಗಣಿತದ ಮೇಡಂ ಅವರನ್ನು ವಿಚಾರಣೆಗೆ ಕರೆದಿದ್ದೀರಿ. ವಿಚಾರಣೆ ಎನ್ನುವುದು ಮರ್ಯಾದೆಗೆ ಆಡುವ ಮಾತು. ಅವರನ್ನು ತರಗತಿಯಿಂದ ತೆಗೆದು ನಿಮ್ಮ ಕಚೇರಿಯ ದಾಖಲೆ ಕೋಣೆಗೆ ಹಾಕುವ ಆದೇಶ ಆಗಲೇ ಟೈಪಾಗಿದೆ, ದಿನಾಂಕದ ಜಾಗ ಮಾತ್ರ ಖಾಲಿ ಇದೆ ಎಂದು ನಿಮ್ಮದೇ ಕೌಂಟರಿನ ಗುಮಾಸ್ತರು ನನಗೆ ಹೇಳಿದರು.

ಆ ಪಟ್ಟಿಯನ್ನು ಮೊದಲು ನೋಡಿದವಳು ನನ್ನ ತಂಗಿ. ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಳೆ. ಮನೆಗೆ ಬಂದವಳೇ ಬ್ಯಾಗನ್ನೂ ಇಳಿಸದೆ, “ಅಕ್ಕಾ, ನೀನು ನೋಟಿಸ್ ಬೋರ್ಡಲ್ಲಿದೀಯ ಕಣೇ” ಅಂದಳು. ಶಾಲೆ ಬಿಟ್ಟು ಮೂರು ವರ್ಷವಾದವಳನ್ನು ನೋಟಿಸ್ ಬೋರ್ಡಿಗೆ ಯಾಕೆ ಏರಿಸುತ್ತಾರೆ, ಸತ್ತವರಿಗಾದರೆ ಸರಿ ಅಂದೆ. ಅವಳು ಫೋನಿನಲ್ಲಿ ತೆಗೆದ ಫೋಟೋ ತೋರಿಸಿದಳು. ಹೆಸರಿರಲಿಲ್ಲ, ಅಂಕಗಳಿದ್ದವು. ಮೊದಲ ಭಾಷೆ 82, ಎರಡನೇ ಭಾಷೆ 79, ವಿಜ್ಞಾನ 84, ಇತಿಹಾಸ 88, ಭೂಗೋಳ 87, ಗಣಿತ 31. ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿಟ್ಟಿರುವ ನನ್ನ ಅಂಕಪಟ್ಟಿಯ ಸಂಖ್ಯೆಗಳು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹೆಸರು ಮುಚ್ಚಿಟ್ಟು ಗೋಪ್ಯತೆ ಕಾಪಾಡಿದ ನಿಮ್ಮ ಔದಾರ್ಯಕ್ಕೆ ನಮಸ್ಕಾರ.

ನಾನು ಹಟಮಾರಿ, ಒಪ್ಪಿಕೊಳ್ಳುತ್ತೇನೆ. ಆದರೆ ಓದದೆ ಬೈಯುವವಳಲ್ಲ. ಪಟ್ಟಿಯ ಜೊತೆ ನೀವು ಕೊಟ್ಟಿರುವ ಎರಡು ಪುಟದ ವಿವರಣೆಯನ್ನು ಮೂರು ಸಲ ಓದಿದೆ. ಹಿಂದಿನ ವರ್ಷಗಳ ಫಲಿತಾಂಶಗಳನ್ನೂ ಕೆದಕಿ ಈಗ ಲೆಕ್ಕ ಹಾಕಿದ್ದೀರಂತೆ. ನಿಮ್ಮ ಲೆಕ್ಕ ಹೀಗಿದೆ: ಒಂದು ಮಗುವಿನ ಐದು ವಿಷಯಗಳ ಸರಾಸರಿ ತೆಗೆಯಬೇಕು. ಆರನೆಯದರ ಅಂಕದಿಂದ ಅದನ್ನು ಕಳೆಯಬೇಕು. ಉಳಿದದ್ದೇ ಆ ವಿಷಯದಲ್ಲಿ ಆ ಮಗುವಿನ ತುಲನಾತ್ಮಕ ಸಾಧನೆ. ಇಡೀ ತರಗತಿಯದ್ದನ್ನು ಸೇರಿಸಿ ಸರಾಸರಿ ಮಾಡಿದರೆ ವಿಷಯದ ಶಿಕ್ಷಕರ ಹಣೆಬರಹ ಗೊತ್ತಾಗುತ್ತದೆ. ಮೈನಸ್ ಹದಿನೈದಕ್ಕಿಂತ ಕೆಳಗೆ ಹೋದರೆ ಕೆಂಪು. ನಮ್ಮ ತರಗತಿಯ ಮೂವತ್ತೆಂಟು ಮಕ್ಕಳಿಗೆ ಉಳಿದ ವಿಷಯಗಳ ಸರಾಸರಿ ಎಂಬತ್ತು, ಗಣಿತದ್ದು ನಲವತ್ತಮೂರು. ಮೈನಸ್ ಮೂವತ್ತೇಳು. ಕಡುಗೆಂಪು.

ಹೇಳಿಬಿಡುತ್ತೇನೆ, ಮೊದಲ ಸಲ ಓದಿದಾಗ ನನಗೂ ಸರಿ ಅನ್ನಿಸಿತು. ಅದೇ ಮಗು, ಅದೇ ಮನೆ, ಅದೇ ಬೆಂಚು, ಅದೇ ಸೋಮಾರಿತನ. ಐದರಲ್ಲಿ ಚೆನ್ನಾಗಿ ಬರೆದ ಮಗು ಆರನೆಯದರಲ್ಲಿ ಮುಗ್ಗರಿಸಿದರೆ ಕಾರಣವನ್ನು ಆರನೆಯದರಲ್ಲೇ ಹುಡುಕಬೇಕು ತಾನೆ? ಬಡವರ ಮಕ್ಕಳ ಶಾಲೆಯನ್ನು ಸಿರಿವಂತರ ಶಾಲೆಯ ಪಕ್ಕ ನಿಲ್ಲಿಸಿ ಹೀಗಳೆಯುವುದಕ್ಕಿಂತ ಮಗುವನ್ನು ಅದರೊಂದಿಗೇ ಹೋಲಿಸುವುದು ಎಷ್ಟೋ ಮೇಲು. ಜಾಣರು ಮಾಡಿದ ಲೆಕ್ಕವೇ. ಆದರೆ ಒಂದು ಮಾತನ್ನು ಆ ಜಾಣರು ಕೇಳಿಕೊಳ್ಳಲೇ ಇಲ್ಲ: ಆ ಐದು ಅಂಕಗಳು ಬಂದದ್ದು ಎಲ್ಲಿಂದ?

ನಾನು ಹೇಳುತ್ತೇನೆ. ಕರಿಹಲಗೆಯಿಂದ.

ನಮ್ಮ ಶಾಲೆಯೇ ಪರೀಕ್ಷಾ ಕೇಂದ್ರವಾಗಿತ್ತು. ಪ್ರಶ್ನೆಪತ್ರಿಕೆ ಹಂಚಿ ಕಾಲು ಗಂಟೆಯೊಳಗೆ ಒಂದು ಪ್ರತಿ ಶಿಕ್ಷಕರ ಕೋಣೆಗೆ ಹೋಗುತ್ತಿತ್ತು. ಆ ವಿಷಯದ ಶಿಕ್ಷಕರು ಉತ್ತರ ಬರೆದು ಕೊಡುತ್ತಿದ್ದರು. ಅದು ಒಂದು ಮಡಚಿದ ಹಾಳೆಯಾಗಿ ಹಾಲ್‌ಗೆ ಬಂದು, ಕೊಠಡಿಯ ಮೇಲ್ವಿಚಾರಕರ ಕೈಯಿಂದ ಹಲಗೆಯ ಮೇಲೆ ಏರುತ್ತಿತ್ತು. ಹೊರಗೆ ಬಾಗಿಲಲ್ಲಿ ಜವಾನರು ಸ್ಟೂಲ್ ಹಾಕಿಕೊಂಡು ಕೂತು ರಸ್ತೆ ನೋಡುತ್ತಿದ್ದರು. ಇದನ್ನು ಕಳ್ಳತನ ಎಂದು ಅಲ್ಲಿ ಯಾರೂ ಕರೆಯುತ್ತಿರಲಿಲ್ಲ. ‘ಸಹಾಯ’ ಅನ್ನುತ್ತಿದ್ದರು. “ಬೇಗ ಬರ್ಕೊಳ್ರೋ, ಅಳಿಸ್ಬೇಕು” ಎಂಬುದೇ ಐದು ದಿನ ನಾವು ಕೇಳಿದ ಪರೀಕ್ಷೆಯ ಸೂಚನೆ. ನಾನೂ ಬರೆದುಕೊಂಡೆ. ನೀತಿವಂತೆಯಂತೆ ಪೆನ್ನು ಕೆಳಗಿಟ್ಟು ಕೂತೆ ಎಂದು ಹೇಳಿದರೆ ಈ ಪತ್ರ ಓದಲು ಚೆನ್ನಾಗಿರುತ್ತಿತ್ತು, ಆದರೆ ಕೂರಲಿಲ್ಲ. ಹದಿನಾರು ವರ್ಷದವಳು, ಎದುರಿಗೆ ದೊಡ್ಡವರು ಬಿಳಿ ಅಕ್ಷರದಲ್ಲಿ ಬರೆದಿದ್ದಾರೆ, ಅಕ್ಕಪಕ್ಕದವರೆಲ್ಲ ತಲೆ ತಗ್ಗಿಸಿ ಗೀಚುತ್ತಿದ್ದಾರೆ. ಅಕ್ಷರ ಬಿಡದೆ ಬರೆದುಕೊಂಡೆ. ನಿಮ್ಮ ಪಟ್ಟಿಯಲ್ಲಿ ಇತಿಹಾಸಕ್ಕೆ ನನ್ನ ‘ತುಲನಾತ್ಮಕ ಒಲವು’ ಹೆಚ್ಚು ಎಂದು ಹಸಿರು ಬಣ್ಣ ಬಳಿದಿದ್ದೀರಿ. ಇತಿಹಾಸದ ದಿನ ನನಗೆ ಕಿಟಕಿ ಪಕ್ಕದ ಬೆಂಚು ಸಿಕ್ಕಿತ್ತು, ಹಲಗೆಯ ಮೇಲೆ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಒಲವಿನ ಮೂಲ ಅದು.

ಆರನೆಯ ದಿನ ಗಣಿತ. ಅವತ್ತು ಹಾಳೆ ಬರಲಿಲ್ಲ. ಅರ್ಧ ಗಂಟೆ ಕಳೆಯಿತು. ಮೇಲ್ವಿಚಾರಕರು ಎರಡು ಸಲ ಬಾಗಿಲಿಗೆ ಹೋಗಿ ಇಣುಕಿದರು. ನಮ್ಮ ಕೊಠಡಿಯ ಹೊರಗಿನ ಪಡಸಾಲೆಯಲ್ಲೇ ಮುಖ್ಯೋಪಾಧ್ಯಾಯರ ದನಿ ಕೇಳಿಸಿತು. ನಾನು ಬಾಗಿಲ ಪಕ್ಕದ ಬೆಂಚಿನಲ್ಲಿದ್ದೆ, ಒಂದಕ್ಷರ ತಪ್ಪದೆ ಕೇಳಿಸಿಕೊಂಡಿದ್ದೇನೆ.

“ಮೇಡಂ, ಎರಡೇ ಎರಡು ಪುಟ. ಮಕ್ಕಳ ಭವಿಷ್ಯದ ಪ್ರಶ್ನೆ.”

“ಸಾರ್, ಒಂದು ವರ್ಷ ಪಾಠ ಮಾಡಿದೀನಿ. ಇವತ್ತು ನಾನೇ ಬರೆದುಕೊಟ್ರೆ, ಆ ಒಂದು ವರ್ಷ ಏನಮ್ಮಾ ಮಾಡ್ದೆ ಅಂತ ಯಾರಾದ್ರೂ ಕೇಳಿದ್ರೆ?”

“ಯಾರೂ ಕೇಳಲ್ಲ ಮೇಡಂ.”

“ನನ್ನ ಭಯಾನೂ ಅದೇ ಸಾರ್.”

“ಊರಿಗೆಲ್ಲ ಒಂದು ದಾರಿ ಆದ್ರೆ ನಿಮಗೇ ಒಂದು ದಾರಿ. ನಾಳೆ ಫಲಿತಾಂಶ ಬಿದ್ರೆ ಹೊಣೆ ಯಾರು?”

“ನಾನೇ. ಬರೆದು ಕೊಡ್ಲಾ? ಅದನ್ನ ಬೇಕಾದ್ರೆ ಈಗಲೇ ಬರೆದು ಕೊಡ್ತೀನಿ.”

ಆಮೇಲೆ ವಿಜ್ಞಾನದ ಸಾರ್ ಅವರನ್ನು ಹಿಡಿದು ತಂದರು. ಪಾಪ, ಒಳ್ಳೆಯ ಮನುಷ್ಯ. ಸೊಪ್ಪು, ಹೂವು, ಕಪ್ಪೆ ಇವುಗಳ ಬಗ್ಗೆ ಚೆನ್ನಾಗಿ ಪಾಠ ಮಾಡುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ ಶಂಕುವಿನ ಎತ್ತರ ಕಂಡುಹಿಡಿಯುವ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸಿದರು. ಉತ್ತರ ಮೈನಸ್ ಏಳು ಬಂತು. ಹಿಂದಿನ ಬೆಂಚಿನವನೊಬ್ಬ, “ಸಾರ್, ಎತ್ತರ ಮೈನಸ್ ಹೆಂಗೆ ಸಾರ್? ನೆಲದೊಳಗೆ ಹೂತಿದ್ದಾರಾ?” ಅಂದ. ಸಾರ್ ಒಂದು ಕ್ಷಣ ಹಲಗೆ ನೋಡಿ, “ಮೈನಸ್ ಬಿಟ್ಟು ಬರ್ಕೊಳ್ಳಿ” ಅಂದರು. ಹೆಚ್ಚಿನವರು ಬಿಟ್ಟು ಬರೆದುಕೊಂಡರು. ನಾನು ಬರೆಯಲಿಲ್ಲ. ಒಳ್ಳೆಯತನದಿಂದಲ್ಲ, ಅಭ್ಯಾಸದಿಂದ. “ಉತ್ತರ ಬಂದ ಮೇಲೆ ಒಂದು ಸಲ ಅದರ ಮುಖ ನೋಡ್ರೇ, ಮನುಷ್ಯರ ಮುಖ ಇದೆಯಾ ಅಂತ” ಎಂದು ಮೇಡಂ ವರ್ಷವಿಡೀ ಬಡಿದುಕೊಂಡಿದ್ದರು. ಮೈನಸ್ ಏಳಕ್ಕೆ ಮನುಷ್ಯರ ಮುಖ ಇರಲಿಲ್ಲ. ಆ ಲೆಕ್ಕ ಬಿಟ್ಟೆ, ಉಳಿದವುಗಳಲ್ಲಿ ನನಗೆ ಬಂದಷ್ಟನ್ನು ಮಾಡಿದೆ. ಮೂವತ್ತೊಂದು ಬಂತು. ಪಾಸಾಗಲು ಮೂವತ್ತೈದು ಬೇಕಿತ್ತು.

ಈಗ ನಿಮ್ಮ ಪಟ್ಟಿಗೆ ಕಾಣದ ಇನ್ನೊಂದು ಸಂಖ್ಯೆ ಹೇಳುತ್ತೇನೆ: ಒಂಬತ್ತು. ಆ ವರ್ಷದ ಶುರುವಿನಲ್ಲಿ ಮೇಡಂ ಕೊಟ್ಟ ಮೊದಲ ಕಿರುಪರೀಕ್ಷೆಯಲ್ಲಿ ನೂರಕ್ಕೆ ನನಗೆ ಬಂದದ್ದು. ಅವರು ಬರುವ ಮೊದಲು ನಾನು ಗುಣಾಕಾರವನ್ನು ಬೆರಳಲ್ಲಿ ಮಾಡುತ್ತಿದ್ದೆ. ತರಗತಿಯಲ್ಲಿ ಕೂರುವವಳೇ ಅಲ್ಲ. ನನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ಅಮ್ಮ ಈಗಲೂ ಬೈಯುತ್ತಾಳೆ. ನೀರು ಕುಡಿಯಲು ಹೋದವಳು ಮುಂದಿನ ಪಿರಿಯಡ್ಡಿಗೆ ಬರುತ್ತಿದ್ದೆ. ಅಂಥವಳನ್ನು ಮೇಡಂ ಒಂಬತ್ತರಿಂದ ಮೂವತ್ತೊಂದಕ್ಕೆ ತಂದರು. ಉಳಿದ ಐವರು ನನ್ನನ್ನು ಎಂಬತ್ತನಾಲ್ಕಕ್ಕೆ ತಂದರು, ಎರಡು ಸೀಮೆಸುಣ್ಣದ ಖರ್ಚಿನಲ್ಲಿ. ನಿಮ್ಮ ಕಚೇರಿ ಈ ಎರಡು ಅಂಕಗಳನ್ನು ಅಕ್ಕಪಕ್ಕ ನಿಲ್ಲಿಸಿ, ಒಂದರಿಂದ ಇನ್ನೊಂದನ್ನು ಕಳೆದು, ಕಲಿಸಿದವರಿಗೆ ಕೆಂಪು, ಸೀಮೆಸುಣ್ಣಕ್ಕೆ ಹಸಿರು ಕೊಟ್ಟಿದೆ. ಕಚೇರಿಯಲ್ಲಿ ಇಷ್ಟು ಜನ ಪದವೀಧರರಿದ್ದೀರಿ; ಒಂದೇ ಕಟ್ಟಡದಲ್ಲಿ ಐದು ವಿಷಯಗಳಿಗೆ ಚಿನ್ನದಂಥ ಅಂಕ, ಒಂದಕ್ಕೆ ಮಾತ್ರ ಮಣ್ಣು ಬಂದಾಗ, ಮಣ್ಣನ್ನಲ್ಲ, ಚಿನ್ನವನ್ನು ಒರೆಗೆ ಹಚ್ಚಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲವೇ?

ಪಕ್ಕದ ಬಡಾವಣೆಯ ಶಾಲೆಯನ್ನು ನೋಡಿ. ನಿಮ್ಮ ಪಟ್ಟಿಯಲ್ಲೇ ಇದೆ. ಅಲ್ಲಿ ಆರೂ ವಿಷಯಗಳ ಸರಾಸರಿ ಎಂಬತ್ತೆರಡರ ಆಸುಪಾಸು. ಯಾವುದರಲ್ಲೂ ವ್ಯತ್ಯಾಸವಿಲ್ಲ. ‘ಸಮತೋಲಿತ ಬೋಧನೆ’ ಎಂದು ಪ್ರಶಂಸಾಪತ್ರ ಕೊಟ್ಟಿದ್ದೀರಿ. ಅಲ್ಲಿ ಆರೂ ಜನ ಹಾಳೆ ಬರೆದು ಕೊಡುತ್ತಾರೆ, ಅಷ್ಟೇ. ನಿಮ್ಮ ಲೆಕ್ಕದ ಪ್ರಕಾರ, ಶಾಲೆಯವರೆಲ್ಲ ಕೂಡಿ ಸುಳ್ಳು ಹೇಳಿದರೆ ಸಮತೋಲನ. ಒಬ್ಬರು ನಿಜ ಹೇಳಿದರೆ ವೈಫಲ್ಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಗಾದೆಯಿತ್ತು. ನೀವು ಗಾದೆಗೂ ಒಂದು ಹೆಜ್ಜೆ ಮುಂದೆ ಹೋಗಿದ್ದೀರಿ: ಐದು ಎತ್ತಿಗೆ ಜ್ವರ, ಎಮ್ಮೆಗೇಕೆ ಜ್ವರವಿಲ್ಲ ಎಂದು ಬರೆ.

ನಾನು ಈಗ ಕೆಲಸ ಮಾಡುವುದು ತಕ್ಕಡಿ ರಿಪೇರಿ ಅಂಗಡಿಯಲ್ಲಿ. ಶಾಲೆ ಬಿಟ್ಟ ಮೇಲೆ ಬೇಕರಿಯಲ್ಲಿ ನಾಲ್ಕು ತಿಂಗಳು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಆರು, ಫೋನ್ ಅಂಗಡಿಯಲ್ಲಿ ಹನ್ನೊಂದು ದಿನ ಇದ್ದು ಬಂದವಳು ಇಲ್ಲಿ ಮಾತ್ರ ಎರಡು ವರ್ಷದಿಂದ ನಿಂತಿದ್ದೇನೆ. ಮಾಲೀಕರನ್ನು ಬೀದಿಯವರೆಲ್ಲ ಗುಲಗಂಜಿ ಎನ್ನುತ್ತಾರೆ, ಗುಲಗಂಜಿಯಷ್ಟು ತೂಕ ಆಚೀಚೆಯಾದರೂ ಜಗಳಕ್ಕೆ ನಿಲ್ಲುವವರು. ನಾನು ಮಾಮ ಅನ್ನುತ್ತೇನೆ. ಕಳೆದ ತಿಂಗಳು ಧಾನ್ಯದ ವ್ಯಾಪಾರಿಯೊಬ್ಬರು ಐದು ಕಿಲೋದ ತೂಕದ ಕಲ್ಲುಗಳನ್ನು ಚೀಲದಲ್ಲಿ ಹೊತ್ತು ತಂದರು. ಹಳೆಯವು ನಾಲ್ಕು, ಹೊಸದು ಒಂದು. ಅವರೇ ತಕ್ಕಡಿಗೆ ಹಾಕಿ ತೋರಿಸಿದರು. ಹೊಸದನ್ನು ಒಂದು ತಟ್ಟೆಯಲ್ಲಿಟ್ಟು ಹಳೆಯವನ್ನು ಒಂದೊಂದಾಗಿ ಇನ್ನೊಂದು ತಟ್ಟೆಗೆ ಹಾಕಿದರೆ, ನಾಲ್ಕು ಸಲವೂ ಹೊಸದೇ ಕೆಳಗೆ.

“ನೋಡಿ, ನಾಲ್ಕು ಜನ ಒಂದು ಮಾತು ಹೇಳ್ತಿದಾರೆ, ಇವನೊಬ್ಬ ಅಡ್ಡ ಮಾತಾಡ್ತಿದಾನೆ. ಇದನ್ನ ಸ್ವಲ್ಪ ಅರದಿಂದ ಉಜ್ಜಿಕೊಡಿ.”

ಮಾಮ ಎದ್ದರು. ಒಳಗಿನಿಂದ ಮರದ ಪೆಟ್ಟಿಗೆ ತಂದರು. ಅದರಲ್ಲಿ ಬಟ್ಟೆ ಸುತ್ತಿಟ್ಟ ಹಿತ್ತಾಳೆಯ ಪ್ರಮಾಣ ಕಲ್ಲು ಇರುತ್ತದೆ, ಬರಿಗೈಯಲ್ಲಿ ಮುಟ್ಟಲು ನನಗೂ ಬಿಡುವುದಿಲ್ಲ. ಅದನ್ನಿಟ್ಟು ತೂಗಿದರೆ ಹೊಸ ಕಲ್ಲು ಕೂದಲೆಳೆಯಷ್ಟೂ ಅಲುಗಲಿಲ್ಲ. ಹಳೆಯ ನಾಲ್ಕೂ ಸವೆದು ಸವೆದು ತಲಾ ನಲವತ್ತು ಗ್ರಾಂ ಕಡಿಮೆ. ವ್ಯಾಪಾರಿ ಸ್ವಲ್ಪ ಹೊತ್ತು ನೋಡಿ, “ಹಂಗಾದ್ರೆ ನಿಮ್ಮ ಪೆಟ್ಟಿಗೇದೇ ಸರಿ ಇಲ್ಲ ಬಿಡಿ” ಅಂತ ಚೀಲ ಎತ್ತಿಕೊಂಡು ಹೋದರು. ನಾನು ನಕ್ಕೆ. ಮಾಮ ನಗಲಿಲ್ಲ. “ನಗಬೇಡ. ಅವನು ಎದುರು ಅಂಗಡಿಗೆ ಹೋಗಿ ಉಜ್ಜಿಸ್ಕೊಂಡೇ ಹೋಗ್ತಾನೆ” ಅಂದರು.

ನಿಮ್ಮ ಕಚೇರಿ ಆ ಎದುರು ಅಂಗಡಿ, ಮಾನ್ಯರೇ. ಕಲ್ಲಿಗೆ ಕಲ್ಲು ಇಟ್ಟು ತೂಗುತ್ತೀರಿ. ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದರೆ ನಮೂನೆ ಕೊಡುತ್ತೀರಿ. ಕ್ಷಮಿಸಿ, ನಮೂನೆಯನ್ನೂ ಕೊಡುವುದಿಲ್ಲ. ಹೋದ ವಾರ ಕೆಲಸಕ್ಕೆ ರಜೆ ಹಾಕಿ ನಿಮ್ಮ ಕಚೇರಿಗೆ ಬಂದಿದ್ದೆ. ಒಂದೂವರೆ ಗಂಟೆ ನಿಂತ ಮೇಲೆ ಮೂರನೇ ಕೌಂಟರಿನ ಗುಮಾಸ್ತರು ತಲೆಯೆತ್ತಿದರು.

“ಯಾರ ಕಡೆಯೋಳಮ್ಮಾ?”

“ಯಾರ ಕಡೆಯೋಳೂ ಅಲ್ಲ ಸಾರ್. ಪಟ್ಟಿಯಲ್ಲಿರೋಳು.”

“ಶಿಕ್ಷಕರಾದ್ರೆ ನಮೂನೆ ಒಂದು, ಮುಖ್ಯೋಪಾಧ್ಯಾಯರಿಗೆ ಎರಡು, ಪೋಷಕರಿಗೆ ಮೂರು. ನೀನು ಯಾವ್ದು?”

“ವಿದ್ಯಾರ್ಥಿ. ಆಗಿದ್ದೆ.”

“ವಿದ್ಯಾರ್ಥಿಗಳಿಗೆ ನಮೂನೆ ಇಲ್ಲ.”

“ಪಟ್ಟಿ ಇರೋದೇ ವಿದ್ಯಾರ್ಥಿಗಳದ್ದಲ್ವಾ ಸಾರ್?”

“ಅದು ದತ್ತಾಂಶ ಕಣಮ್ಮ. ದತ್ತಾಂಶಾನೇ ಎದ್ದು ಬಂದು ಕೌಂಟರಲ್ಲಿ ನಿಂತ್ಕೊಂಡ್ರೆ ನಾವೇನ್ ಮಾಡೋಣ?”

ಅವರ ಮೇಲೆ ನನಗೆ ಕೋಪವಿಲ್ಲ. ಇಡೀ ಕಚೇರಿಯಲ್ಲಿ ನನಗೆ ನಿಜ ಹೇಳಿದವರು ಅವರೊಬ್ಬರೇ. ಆದೇಶ ಟೈಪಾಗಿರುವ ಸಂಗತಿಯನ್ನೂ ಅವರೇ ಹೇಳಿ, “ಪೇಪರಿಗೆ ಬರಿ, ಇಲ್ಲಿ ನಿಂತು ಕಾಲು ನೋಯಿಸ್ಕೋಬೇಡ” ಎಂದು ಉಪಾಯವನ್ನೂ ಕೊಟ್ಟರು. ಈ ಪತ್ರ ನಿಮ್ಮ ಮೇಜಿನ ಬದಲು ಪತ್ರಿಕೆಯಲ್ಲಿ ಕಾಣಿಸಿಕೊಂಡದ್ದಕ್ಕೆ ನಿಮ್ಮ ಕೌಂಟರಿಗೇ ಕೃತಜ್ಞತೆ ಸಲ್ಲಬೇಕು.

ಮೇಡಂ ಏಕೆ ಆಗಲೇ ದೂರು ಕೊಡಲಿಲ್ಲ ಎಂದು ನೀವು ಸೋಮವಾರ ಕೇಳುವಿರಿ. ಕೊಟ್ಟಿದ್ದಾರೆ, ಎರಡು ಸಲ. ಎರಡಕ್ಕೂ ನಿಮ್ಮ ಕಚೇರಿಯ ಸ್ವೀಕೃತಿ ಸಂಖ್ಯೆ ಇದೆ. ಮೊದಲನೆಯದಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂತು. ಎರಡನೆಯದಕ್ಕೆ ತಪಾಸಣಾ ತಂಡವೇ ಬಂತು, ಹಿಂದಿನ ದಿನ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ. ಅವತ್ತು ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕನ್ನಡಿಯಂತೆ ಮಾಡಿದ್ದರು ಎಂದು ತಂಗಿಯ ಮೇಲಿನ ತರಗತಿಯವರು ಹೇಳುತ್ತಾರೆ. ತಂಡದವರು ಶಾಲೆಯ ಸ್ವಚ್ಛತೆಯನ್ನು ಮೆಚ್ಚಿ ಬರೆದು ಹೋದರು.

ಇನ್ನು ನಿಮ್ಮ ಆ ಷರಾ. ನಾನು ಶಾಲೆ ಬಿಟ್ಟದ್ದು ಗಣಿತದಿಂದಲ್ಲ. ಫಲಿತಾಂಶ ಬಂದ ವಾರದಲ್ಲೇ ಮುಖ್ಯೋಪಾಧ್ಯಾಯರು ನಮ್ಮ ಮನೆಗೆ ಬಂದು, ಪೂರಕ ಪರೀಕ್ಷೆಗೆ ಬೇರೆ ಕೇಂದ್ರದಲ್ಲಿ ‘ವ್ಯವಸ್ಥೆ’ ಮಾಡುತ್ತೇನೆ, ಹುಡುಗಿ ಬಂದು ಕೂತರೆ ಸಾಕು ಅಂದರು. ಅಮ್ಮ ಇಸ್ತ್ರಿ ಅಂಗಡಿಯಲ್ಲಿ ದಿನವೆಲ್ಲ ನಿಂತು ಬಂದವಳು, ಅವರ ಕೈ ಹಿಡಿದುಕೊಳ್ಳುವುದೊಂದು ಬಾಕಿ. ನಾನು, “ಕೂತರೆ ಸಾಕು ಅಂದ್ರೆ ಬೆಂಚನ್ನೇ ಪಾಸು ಮಾಡಿ ಸಾರ್, ಅದು ನನಗಿಂತ ಚೆನ್ನಾಗಿ ಕೂರುತ್ತೆ” ಅಂದೆ. ಅಮ್ಮ ಅವರ ಮುಂದೆಯೇ ನನ್ನ ಬೆನ್ನಿಗೆ ಎರಡು ಬಿಟ್ಟಳು. ಅಲ್ಲಿಗೆ ಮುಗಿಯಿತು. ಸ್ವಂತವಾಗಿ ಬರೆದು ಪಾಸಾಗುವ ಧೈರ್ಯವೂ ನನಗೆ ಆಗ ಇರಲಿಲ್ಲ, ಅವರ ಕೈಯಲ್ಲಿ ಪಾಸಾಗಲು ಮನಸ್ಸೂ ಬರಲಿಲ್ಲ, ಕೂತು ಓದುವ ಸ್ವಭಾವವಂತೂ ಮೊದಲೇ ಇಲ್ಲ. ಮೂರೂ ಸೇರಿ ಬಿಟ್ಟೆ. ಇದರಲ್ಲಿ ಮೇಡಂ ಪಾಲು ಎಷ್ಟು ಎಂದು ನಿಮ್ಮವರು ಯಾರಾದರೂ ಒಂದು ಸಲ ಬಂದು ಕೇಳಿದ್ದರೆ ಹೇಳುತ್ತಿದ್ದೆ. ಮನೆಯ ವಿಳಾಸ ನಿಮ್ಮ ಕಡತದಲ್ಲೇ ಇದೆ.

ಈಗ ನನ್ನ ಪಕ್ಷಪಾತವನ್ನೂ ಹೇಳಿಬಿಡುತ್ತೇನೆ, ನೀವು ಹುಡುಕಿ ತೆಗೆಯುವ ಶ್ರಮ ಬೇಡ. ಆರು ತಿಂಗಳಿಂದ ಪ್ರತಿ ಭಾನುವಾರ ಮೇಡಂ ಮನೆಗೆ ಹೋಗಿ ಲೆಕ್ಕ ಹೇಳಿಸಿಕೊಳ್ಳುತ್ತಿದ್ದೇನೆ. ಗುಲಗಂಜಿ ಮಾಮನ ಕೈ ನಡುಗಲು ಶುರುವಾಗಿದೆ. ತಕ್ಕಡಿ ರಿಪೇರಿಯ ಪರವಾನಗಿಯನ್ನು ನನ್ನ ಹೆಸರಿಗೆ ಮಾಡಿಸಬೇಕೆಂದು ಅವರ ಆಸೆ. ಅದಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು. ಐದು ವಿಷಯ ಪಾಸು, ಗಣಿತವೊಂದು ಬರೆದರೆ ಆಯಿತು. ಅರ್ಜಿ ಹಾಕಿದ್ದೇನೆ. ಕಿರುಪರೀಕ್ಷೆಗಳಲ್ಲಿ ಈಗ ಐವತ್ತು, ಐವತ್ತೈದು ಬರುತ್ತಿದೆ.

ಹೋದ ಭಾನುವಾರ ಹೋದಾಗ ಬಾಗಿಲು ತೆರೆದವರೇ, “ಬಾರಮ್ಮಾ ಮೈನಸ್ ಐವತ್ತಮೂರು, ಒಳಗೆ ಬಾ” ಅಂದರು. ಮೇಜಿನ ಮೇಲೆ ನಿಮ್ಮ ನೋಟಿಸು, ಪಕ್ಕದಲ್ಲಿ ಅವರು ಬರೆಯುತ್ತಿದ್ದ ಉತ್ತರ. ಎರಡೂವರೆ ಸಾಲು ಬರೆದು ನಿಲ್ಲಿಸಿದ್ದರು. ಏನು ಬರೆದಿದ್ದೀರಿ ಅಂದೆ. “ಬೋಧನೆಯಲ್ಲಿ ನನ್ನ ಕೊರತೆಗಳನ್ನು ತಿದ್ದಿಕೊಳ್ಳುತ್ತೇನೆ ಅಂತ” ಅಂದರು. ಯಾಕೆ ಮೇಡಂ, ನಡೆದದ್ದನ್ನೇ ಬರೀಬಾರದಾ ಅಂದೆ.

“ಬರೆದ್ರೆ ಮೂವತ್ತೆಂಟು ಮಕ್ಕಳ ಅಂಕಪಟ್ಟಿ ಎಳೀತಾರೆ ಕಣೇ. ಕೆಲವರು ಕಾಲೇಜಲ್ಲಿದಾರೆ. ಒಬ್ಬಳಿಗೆ ಕೆಲಸ ಸಿಕ್ಕಿದೆ. ನನ್ನ ಒಬ್ಬಳ ಕುರ್ಚಿಗೋಸ್ಕರ?”

ಆ ಸಂಜೆ ಹಳೆಯ ಸಹಪಾಠಿಯೊಬ್ಬಳಿಗೆ ಫೋನ್ ಮಾಡಿ ನೀನೂ ಬರೆಯುತ್ತೀಯಾ ಎಂದು ಕೇಳಿದೆ. “ನಿನಗೇನೇ, ನೀನು ಹೆಂಗಿದ್ರೂ ಫೇಲು. ಕಳ್ಕೊಳ್ಳೋಕೆ ಏನಿದೆ? ನಮ್ಮನ್ನ ಎಳೀಬೇಡ ಮಾರಾಯ್ತಿ” ಅಂದಳು. ಬೇಜಾರಾಯಿತು, ಆದರೆ ಅವಳು ಹೇಳಿದ್ದರಲ್ಲಿ ಅರ್ಧ ನಿಜ. ಎರಡು ದಿನ ಅಂಗಡಿಯಲ್ಲಿ ತಕ್ಕಡಿ ಒರೆಸುತ್ತಾ ಅದನ್ನೇ ಯೋಚಿಸಿದೆ. ಅವಳ ಮಾತಿನ ಇನ್ನರ್ಧ ತಪ್ಪು ಅನ್ನಿಸಿತು. ಕಳೆದುಕೊಳ್ಳಲು ನನ್ನ ಹತ್ತಿರ ಐದು ವಿಷಯಗಳಿದ್ದವು.

ಬುಧವಾರವೇ ಮತ್ತೆ ಮೇಡಂ ಮನೆಗೆ ಹೋಗಿ, ಬರೆಯುತ್ತೇನೆ, ನನ್ನದೊಂದನ್ನೇ ಕೊಡುತ್ತೇನೆ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ತಲೆ ಕೆಟ್ಟಿದೆಯಾ? ಐದೂ ರದ್ದು ಮಾಡ್ತಾರೆ. ಆಮೇಲೆ ಐದನ್ನೂ ಮತ್ತೆ ಬರೀಬೇಕು, ಗೊತ್ತಾ?”

“ಮತ್ತೆ ಎಲ್ಲಿ ಬಂತು ಮೇಡಂ? ಮೊದಲನೇ ಸಲ.”

ಕನ್ನಡಕವನ್ನು ಮತ್ತೆ ಹಾಕಿಕೊಂಡು, “ಭೂಗೋಳ ನನಗೆ ಬರಲ್ಲ ಕಣೇ, ಅದನ್ನ ನೀನೇ ಓದ್ಕೋಬೇಕು” ಅಂದರು. ಅದನ್ನೇ ನಾನು ಒಪ್ಪಿಗೆ ಎಂದುಕೊಂಡಿದ್ದೇನೆ.

ಹಾಗಾಗಿ, ಮಾನ್ಯರೇ, ಈ ಪತ್ರ ದೂರಲ್ಲ, ಹೇಳಿಕೆ. ಬರಿಯ ಬಾಯಿಮಾತಿನದ್ದೂ ಅಲ್ಲ. ಭೂಗೋಳದ ಸಾರ್ ಅವಸರದಲ್ಲಿ ಹಾಳೆಯ ಮೇಲೆ ನಕ್ಷೆ ಬಿಡಿಸುವಾಗ ನದಿಯ ಬಾಣದ ಗುರುತನ್ನು ತಿರುಗಾಮುರುಗ ಹಾಕಿದ್ದರು, ಅದು ಹಾಗೆಯೇ ಹಲಗೆಗೆ ಏರಿತು. ನಮ್ಮ ಕೇಂದ್ರದ ಮೂವತ್ತೆಂಟು ಉತ್ತರಪತ್ರಿಕೆಗಳಲ್ಲೂ ನದಿ ಸಮುದ್ರದಲ್ಲಿ ಹುಟ್ಟಿ ಬೆಟ್ಟ ಹತ್ತುತ್ತದೆ. ಮೌಲ್ಯಮಾಪಕರು ಅಷ್ಟಕ್ಕೂ ಅಂಕ ಕೊಟ್ಟಿದ್ದಾರೆ. ಉತ್ತರಪತ್ರಿಕೆಗಳನ್ನು ಐದು ವರ್ಷ ಕಾಯ್ದಿಡಬೇಕೆಂಬುದು ನಿಮ್ಮದೇ ನಿಯಮ, ಕಟ್ಟು ನಿಮ್ಮದೇ ಉಗ್ರಾಣದಲ್ಲಿದೆ. ನೋಂದಣಿ ಸಂಖ್ಯೆಗಳನ್ನು ಮುಚ್ಚಿ, ನಕ್ಷೆಗಳನ್ನಷ್ಟೇ ಸಾಲಾಗಿ ಹರಡಿ ನೋಡಿ. ಮೂವತ್ತೆಂಟು ಮಕ್ಕಳು ಸ್ವಂತ ಬುದ್ಧಿಯಿಂದ ಒಂದೇ ನದಿಯನ್ನು ಬೆಟ್ಟ ಹತ್ತಿಸಲಾರರು ಎಂಬುದಕ್ಕೆ ತುಲನಾತ್ಮಕ ವಿಶ್ಲೇಷಣೆ ಬೇಕಾಗುವುದಿಲ್ಲ, ಕಣ್ಣು ಸಾಕು.

ನೋಡಿದ ಮೇಲೆ ಆ ಮೂವತ್ತೇಳು ಜನರ ತಂಟೆಗೆ ಹೋಗಬೇಡಿ. ಅವರು ಹದಿನಾರರ ಮಕ್ಕಳು, ಬರೆದು ತೋರಿಸಿದವರು ದೊಡ್ಡವರು. ಕೇಳುವುದಿದ್ದರೆ ಸೀಮೆಸುಣ್ಣ ಹಿಡಿದವರನ್ನು ಕೇಳಿ. ಅವರಿಗೆ ಮೊದಲೇ ಫೋನ್ ಮಾಡಿದವರನ್ನೂ ಕೇಳಿ.

ನನ್ನ ಬೇಡಿಕೆ ಇಷ್ಟು. ಸೋಮವಾರ ಹನ್ನೊಂದಕ್ಕೆ ಮೊದಲು ಮೇಡಂ ಮೇಲಿನ ನೋಟಿಸನ್ನು ಹಿಂತೆಗೆದುಕೊಳ್ಳಿ, ಅವರನ್ನು ಅವರ ತರಗತಿಯಲ್ಲೇ ಬಿಡಿ. ಮುಂದಿನ ವರ್ಷ ಹತ್ತನೇ ತರಗತಿಗೆ ಬರುವವರಲ್ಲಿ ನನ್ನ ತಂಗಿಯೂ ಒಬ್ಬಳು. ಅವಳಿಗಾದರೂ ಉತ್ತರದ ಮುಖ ನೋಡಲು ಕಲಿಸುವವರು ಇರಲಿ. ನೋಟಿಸ್ ಬೋರ್ಡಿನಲ್ಲಿ ನನ್ನ ಸಾಲಿನ ಮುಂದಿರುವ ಷರಾವನ್ನು ಹೊಡೆದುಹಾಕಿ. ಮತ್ತು ನನ್ನ ಮೊದಲ ಭಾಷೆ, ಎರಡನೇ ಭಾಷೆ, ವಿಜ್ಞಾನ, ಇತಿಹಾಸ, ಭೂಗೋಳದ ಅಂಕಗಳನ್ನು ರದ್ದು ಮಾಡಿ. ಗಣಿತದ ಮೂವತ್ತೊಂದನ್ನು ಮುಟ್ಟಬೇಡಿ, ಅದನ್ನು ನಾನು ದುಡಿದು ಗಳಿಸಿದ್ದೇನೆ. ಬರುವ ಪರೀಕ್ಷೆಗೆ ಆರೂ ವಿಷಯಗಳಿಗೆ ನನ್ನ ಅರ್ಜಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಹಲಗೆ ಇಲ್ಲದ ಕೊಠಡಿಯಲ್ಲಿ ಒಂದು ಬೆಂಚು ಕೊಡಿಸಿ, ಸಾಕು.

ಅಮ್ಮ ಬೀರುವಿನಿಂದ ಅಂಕಪಟ್ಟಿ ತೆಗೆದು ಕೊಟ್ಟಿದ್ದಾಳೆ. ಕೊಡುವಾಗ ಪ್ಲಾಸ್ಟಿಕ್ ಕವರನ್ನು ಮಾತ್ರ ತೆಗೆದಿಟ್ಟುಕೊಂಡಳು. ಮೂಲ ಪ್ರತಿಯನ್ನೇ ನೋಂದಾಯಿತ ಅಂಚೆಯಲ್ಲಿ ನಿಮಗೆ ಕಳಿಸಿದ್ದೇನೆ. ತಲುಪಿದ್ದಕ್ಕೆ ಸ್ವೀಕೃತಿ ಸಂಖ್ಯೆ ಕೊಡುವ ಅಗತ್ಯವಿಲ್ಲ.

ಇಂತಿ,
ಐದರಲ್ಲಿ ಬರೆಯದೆ ಪಾಸಾದ, ಒಂದರಲ್ಲಿ ಬರೆದು ಫೇಲಾದ,
ತಮ್ಮ ದತ್ತಾಂಶ